ಮನೆಯವರು, ಬಂದವರು

ಫಬ್ರೀಸಿಯೊ ಪಡಸಾಲೆಯ ಸೂರಿಗೆ ಬಿಳಿ ತಟ್ಟೆಯಂಥ ಹೊಸ ವೈಫೈ ಪೆಟ್ಟಿಗೆಯನ್ನು ತಿರುಪು ಹಾಕಿ ಕೂರಿಸುವಷ್ಟು ಹೊತ್ತೂ ಏಣಿ ಹಿಡಿದು ನಿಂತವಳು ಎಲಿದಾ. ಅವನು ಇಳಿದ ಮೇಲೆ ಏಣಿಯನ್ನು ಹಿತ್ತಲಿಗೆ ಒಯ್ದು, ಉದುರಿದ ಸುಣ್ಣದ ಪುಡಿಯನ್ನು ಗುಡಿಸಿ, ಕೈ ತೊಳೆದು ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯದ ಸರಂಜಾಮು ಹಿಡಿದು ಬಂದವಳೂ ಅವಳೇ. ಜನವರಿ ತಿಂಗಳು, ಆ ಸೀಮೆಯಲ್ಲಿ ನಡುಬೇಸಿಗೆ. ಅಸುನ್ಸಿಯೋನ್‌ನ ಗೋಡೆಗಳು ಬೆಳಗ್ಗೆಯೇ ಬೆವರುತ್ತಿದ್ದವು. ಕೊಂಬಿನ ಲೋಟಕ್ಕೆ ಸೊಪ್ಪು ತುಂಬಿ, ಮಂಜುಗಡ್ಡೆಯ ನೀರು ಹೊಯ್ದು, ಒಬ್ಬರು ಹೀರಿ ಕೊಟ್ಟದ್ದನ್ನು ಮತ್ತೆ ತುಂಬಿ ಇನ್ನೊಬ್ಬರಿಗೆ ಕೊಡುತ್ತ ಅವಳು ಸುತ್ತಿನ ಕೊನೆಯಲ್ಲಿ ಮೋಟು ಸ್ಟೂಲಿನ ಮೇಲೆ ಕೂತಳು. ನೀರು ಹೊಯ್ಯುವವರು ವಯಸ್ಸಿನಲ್ಲಿ ಚಿಕ್ಕವರಾಗಿರಬೇಕೆಂಬುದು ರೂಢಿ. ಮನೆಯ ಮಗಳು ರೊಸಾನಾ ಅವಳಿಗಿಂತ ಒಂದು ವರ್ಷಕ್ಕೆ ಚಿಕ್ಕವಳು. ಆದರೆ ಆ ಮನೆಯಲ್ಲಿ ಈ ಲೆಕ್ಕವನ್ನು ಯಾರೂ ಯಾವತ್ತೂ ಮಾಡಿದ್ದಿಲ್ಲ.

ಎಲಿದಾ ಆ ಮನೆಗೆ ಎಂಟರ ಹುಡುಗಿಯಾಗಿ ಬಂದವಳು. ಕಾಸಾಪಾ ಕಡೆಯ ಒಂದು ಕೆಮ್ಮಣ್ಣಿನ ಊರಿಂದ ಅವಳನ್ನು ಕೈಹಿಡಿದು ಬಸ್ಸು ಹತ್ತಿಸಿದವರು ದೆವೊಲಿಂದಾ ಅಜ್ಜಿ, ಈ ಮನೆಯ ಯಜಮಾನಿ ಪೆರ್ಲಾಳ ತಾಯಿ. "ನನ್ನ ಮನೇಲಿ ಮಗಳ ಹಾಗೆ ಇರ್ತಾಳೆ" ಎಂದು ಅವಳ ಅಮ್ಮನಿಗೆ ಮಾತು ಕೊಟ್ಟಿದ್ದರು. ಬೆಳಗ್ಗೆ ಬಟ್ಟೆ, ಪಾತ್ರೆ. ಮಧ್ಯಾಹ್ನದ ಮೇಲೆ ಶಾಲೆ. ಅಂಥ ಮಕ್ಕಳು ಆ ಬೀದಿಯ ಬಹಳ ಮನೆಗಳಲ್ಲಿದ್ದರು. ಅವರನ್ನು ಕೆಲಸದವರು ಎಂದು ಕರೆಯುವುದಿಲ್ಲ, ಸಾಕಿದವರು ಎನ್ನುತ್ತಾರೆ. ಎಲಿದಾಳೂ ಪೆರ್ಲಾಳನ್ನು ಮದ್ರೀನಾ ಎಂದೇ ಕರೆಯುತ್ತ ಬೆಳೆದಳು. ಮದ್ರೀನಾ ಅಂದರೆ ಧರ್ಮತಾಯಿ. ಶಾಲೆ ಮುಗಿದು ವರ್ಷಗಳಾದರೂ ಅವಳು ಮಲಗುವುದು ಹಿತ್ತಲಾಚೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೋಣೆಯಲ್ಲಿ. ತಲೆಯ ಮೇಲೆ ತಗಡು, ತಗಡಿನ ಮೇಲೆ ಮಾವಿನ ಮರ.

ಆದರೆ ಮೊನ್ನೆ ಕ್ರಿಸ್‌ಮಸ್ ಊಟದಲ್ಲಿ, ಸೇಬಿನ ಮದ್ಯದ ಎರಡನೆಯ ಲೋಟದ ಮೇಲೆ, ಪೆರ್ಲಾ ಒಂದು ಮಾತು ಆಡಿದ್ದಳು. "ರೊಸಾನಾದು ಮದುವೆ ಆಗ್ಲಿ. ಅವಳ ಕೋಣೆ ಖಾಲಿಯಾಗತ್ತಲ್ಲ, ನೀನು ಒಳಗೇ ಬಂದ್ಬಿಡು." ಆಡಿದವಳು ಮರುಕ್ಷಣ ಮರೆತಿರಬಹುದು. ಕೇಳಿದವಳು ಆ ಮಾತನ್ನು ಒದ್ದೆ ಬಟ್ಟೆಯಂತೆ ದಿನಾ ಹಿಂಡಿ ಹಿಂಡಿ, ಅದರಲ್ಲಿ ಇನ್ನೂ ಎಷ್ಟು ನೀರಿದೆಯೆಂದು ನೋಡುತ್ತಿದ್ದಳು. ಒಳಗೆ ಅಂದರೆ ಬರೀ ಒಳಗೋ? ಅಥವಾ ಒಳಗಿನವಳೋ?

ಫಬ್ರೀಸಿಯೊ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಭಾವೀ ಅತ್ತೆಗೆ ವಿವರಿಸುತ್ತಿದ್ದ. ರೊಸಾನಾಳನ್ನು ಮದುವೆಯಾಗಲಿರುವವನು; ಬ್ಯಾಂಕಿನಲ್ಲಿ ಕೆಲಸ; ಎಲ್ಲದಕ್ಕೂ ಬೀಗ ಬೇಕೆನ್ನುವ ಜಾತಿ.

"ಲೂಕೆಯಲ್ಲಿ ನಮ್ಮ ಸೋದರತ್ತೆ ಮನೇಲಿ ಏನಾಯ್ತು ಗೊತ್ತಾ? ಮಗಳ ಹದಿನೈದನೇ ಹುಟ್ಟುಹಬ್ಬ. ಬಂದವರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಟ್ರು. ಯಾವನೋ ಒಬ್ಬ ಹುಡುಗ ಮನೆ ಕ್ಯಾಮೆರಾ ತೆಗೆದು, ಅತ್ತೆ ತಲೆಗೆ ಸುರುಳಿ ಸುತ್ಕೊಂಡು ಅಡಿಗೆಮನೇಲಿ ನಿಂತು ಕೋಳಿಕಾಲು ಕಡೀತಿದ್ದಿದ್ದನ್ನ ಹಾಲ್‌ನಲ್ಲಿ ಎಲ್ಲರಿಗೂ ತೋರಿಸಿಬಿಟ್ಟ."

ರೊಸಾನಾ ಲೋಟದ ಕೊಳವೆ ಕಚ್ಚಿಕೊಂಡೇ ನಕ್ಕಳು. "ಆ ಹುಡುಗನ ವಿಳಾಸ ಕೊಡು, ಮದುವೆಗೆ ಕರೀತೀನಿ."

"ನಗು ನೀನು. ಮದುವೆಗೆ ಈ ಮನೆಗೆ ಎಷ್ಟು ಜನ ಬರ್ತಾರೆ? ಎಲ್ಲರೂ ಒಳಗೆ ಕಾಲಿಡೋ ಮೊದಲೇ ಪಾಸ್‌ವರ್ಡ್ ಕೇಳ್ತಾರೆ. ನಿಮ್ಮ ಕ್ಯಾಮೆರಾ, ಗೇಟು, ಪ್ರಿಂಟರ್ರು, ಟಿವಿ, ಎಲ್ಲ ಒಂದೇ ನೆಟ್‌ವರ್ಕಲ್ಲಿ ಬಿದ್ದಿವೆ. ಒಂದೇ ಬಾಗಿಲಿನ ಮನೆ. ಅದಕ್ಕೇ ಈಗ ಎರಡು ಮಾಡ್ತೀನಿ. ಪೆಟ್ಟಿಗೆ ಒಂದೇ, ನೆಟ್‌ವರ್ಕ್ ಎರಡು. ಒಂದು ‘ಮನೆಯವರು’, ಇನ್ನೊಂದು ‘ಬಂದವರು’. ಬಂದವರಿಗೆ ಇಂಟರ್ನೆಟ್ ಸಿಗತ್ತೆ, ಅಷ್ಟೇ. ಮನೆಯೊಳಗಿನ ಯಾವ ವಸ್ತೂನೂ ಅವರಿಗೆ ಕಾಣಿಸಲ್ಲ. ನಡುವೆ ಗೋಡೆ."

"ಒಳ್ಳೇದು ಕಣಪ್ಪ" ಎಂದಳು ಪೆರ್ಲಾ, ಬೀಸಣಿಗೆ ಬೀಸಿಕೊಳ್ಳುತ್ತ. "ಗೋಡೆ ಇರ್ಬೇಕು."

ಒಂದೊಂದಾಗಿ ಒಳಗೆ ಹಾಕುವುದು ಶುರುವಾಯಿತು. ಪೆರ್ಲಾಳ ಮೊಬೈಲು, ರೊಸಾನಾಳದು, ಫಬ್ರೀಸಿಯೊನದು. ಟಿವಿ. ಪ್ರಿಂಟರ್ರು. ಗೇಟಿನ ಮೋಟಾರು. ಪಡಸಾಲೆಯ ಕ್ಯಾಮೆರಾ, ಹಿತ್ತಲ ಕ್ಯಾಮೆರಾ. ಆಮೇಲೆ ಅಜ್ಜಿಯ ಕರೆಗಂಟೆ. ಆಮೇಲೆ ನಾಯಿ ಕೈಸರನ ಊಟದ ಡಬ್ಬ; ಹೊತ್ತಿಗೆ ಸರಿಯಾಗಿ ತಾನೇ ಬಾಯಿ ತೆರೆದು ಕಾಳು ಸುರಿಯುವ ಡಬ್ಬ ಅದು, ರೊಸಾನಾ ಮಯಾಮಿಯಿಂದ ತರಿಸಿದ್ದು. ಪ್ರತಿಯೊಂದಕ್ಕೂ ಫಬ್ರೀಸಿಯೊ "ಮನೆಯವರು" ಎಂದು ಗಟ್ಟಿಯಾಗಿ ಹೇಳಿ ಗುಂಡಿ ಒತ್ತುತ್ತಿದ್ದ, ಪಾದ್ರಿ ಮಕ್ಕಳಿಗೆ ಹೆಸರಿಡುವ ಹಾಗೆ. ಎಲಿದಾ ನೀರು ಹೊಯ್ಯುತ್ತ ಕಾದಳು. ಅವಳ ಮೊಬೈಲು ಅಂಗಿಯ ಜೇಬಿನಲ್ಲಿತ್ತು. ತಾನಾಗಿ ಮುಂದೆ ಚಾಚಿದರೆ ಚೆನ್ನಾಗಿರುವುದಿಲ್ಲ, ಅವರೇ ಕೇಳಲಿ. ಕೇಳಿಯೇ ಕೇಳುತ್ತಾರೆ.

ಕೇಳಿದ, ಫಬ್ರೀಸಿಯೊ. "ಎಲಿದಾದು?"

ಪೆರ್ಲಾಳ ಬೀಸಣಿಗೆ ನಿಲ್ಲಲಿಲ್ಲ. "ಅವಳದ್ದು ಬಂದವರದಕ್ಕೆ ಹಾಕು."

"ಬಂದವರದಕ್ಕಾ?"

"ಮತ್ತೆ? ಒರ್ತೀಸ್ ಮನೆಯವರಿಗೆ ಏನಾಯ್ತು, ನೆನಪಿಲ್ವಾ? ಅವರು ಸಾಕಿದ ಹುಡುಗಿಯ ಗೆಳೆಯ ಗೇಟು ತೆಗೆದು ಒಳಗೆ ಬಂದು ಬೆಳ್ಳಿ ಹೊತ್ಕೊಂಡು ಹೋದ. ಇವಳು ಒಳ್ಳೇವಳೇ, ನಾನು ಇಲ್ಲ ಅನ್ನಲ್ಲ. ಆದ್ರೆ ಇಪ್ಪತ್ತೆರಡು ವಯಸ್ಸು ನೋಡು. ಅವಳ ಮೊಬೈಲಲ್ಲಿ ಯಾರ್ಯಾರಿದ್ದಾರೋ ನಮಗೇನ್ ಗೊತ್ತು?"

ಎಲಿದಾಳ ಮೊಬೈಲಿನಲ್ಲಿ ಅವಳ ಅಮ್ಮ ಇದ್ದಳು, ಮೀನಂಗಡಿಯವನಿದ್ದ, ಗ್ಯಾಸಿನವನಿದ್ದ.

"ಬಡ್ತಿ ಸಿಕ್ತು ಕಣೇ ನಿಂಗೆ!" ರೊಸಾನಾ ಕೈ ತಟ್ಟಿದಳು. "ಇಷ್ಟು ವರ್ಷ ಆದ್ಮೇಲೆ ಕೊನೆಗೂ ಅತಿಥಿ ಆದೆ. ಇನ್ಮೇಲೆ ನಾವೇ ನಿಂಗೆ ತೆರೆರೆ ಹೊಯ್ದು ಕೊಡ್ಬೇಕೇನೋ!"

ಎಲ್ಲರೂ ನಕ್ಕರು. ಎಲಿದಾಳೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ಜಾಸ್ತಿಯೇ. ಅವಳಿಗೆ ಗೊತ್ತಿದ್ದ ಒಂದೇ ಮರ್ಯಾದೆ ಅದು, ತನ್ನ ಮೇಲಿನ ನಗೆಯಲ್ಲಿ ತಾನು ಮೊದಲು ಸೇರಿಕೊಳ್ಳುವುದು. ಆಮೇಲೆ ಮೊಬೈಲು ತೆಗೆದುಕೊಟ್ಟಳು. ‘ಬಂದವರು’ ಜಾಲದ ಪಾಸ್‌ವರ್ಡು ‘ಸುಸ್ವಾಗತ’ ಎಂದಾಗಿತ್ತು. ಫಬ್ರೀಸಿಯೊ ಅದನ್ನು ಒತ್ತುವಾಗ ಅವಳ ಮುಖ ನೋಡಲಿಲ್ಲ. ನಾಯಿಯ ಡಬ್ಬ ಒಳಗಿತ್ತು. ಅವಳು ಹೊರಗಿದ್ದಳು. ಅವಳು ಮತ್ತೆ ಲೋಟ ತುಂಬಿ ಅವನಿಗೇ ಕೊಟ್ಟಳು.

ಅಜ್ಜಿಯ ಗಂಟೆಯ ವಿಷಯ ಅವಳಿಗೆ ಹೊಳೆದದ್ದು ಸಂಜೆ.

ಕಳೆದ ಚಳಿಗಾಲದಲ್ಲಿ ದೆವೊಲಿಂದಾ ಅಜ್ಜಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಒಂದು ಕಾಲಕ್ಕೆ ಆ ನಾಲಗೆಗೆ ಬೀದಿಗೆ ಬೀದಿಯೇ ಹೆದರುತ್ತಿತ್ತು. ಈಗ ಉಳಿದದ್ದು ಎಡಗೈ ಮತ್ತು ಕಣ್ಣು. ಮಂಚದ ಸರಳಿಗೆ ಒಂದು ಕೆಂಪು ಗುಂಡಿ ಕಟ್ಟಿದ್ದರು. ಅಜ್ಜಿ ಒತ್ತಿದರೆ ಮನೆಯ ನೆಟ್‌ವರ್ಕಿನಲ್ಲಿರುವ ಮೊಬೈಲುಗಳಲ್ಲೆಲ್ಲ ಗಂಟೆ ಬಾರಿಸುತ್ತಿತ್ತು. ಮೊದಲ ವಾರವೇ ಪೆರ್ಲಾ, ಪಾರ್ಲರಿನಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಮನೆಗೆ ಬಂದ ಕೂಡಲೇ ಬಾರಿಸತೊಡಗಿದ ಗಂಟೆಗೆ ಬೇಸತ್ತು ಅದರ ಸದ್ದು ಅಡಗಿಸಿದ್ದಳು. ರೊಸಾನಾಳೂ ಅಡಗಿಸಿದ್ದಳು. ಎಲಿದಾ ಇದ್ದಾಳಲ್ಲ. ಎಲಿದಾಳ ಮೊಬೈಲು ಹಿತ್ತಲ ಕೋಣೆಯಲ್ಲಿ ಬಾರಿಸುತ್ತಿತ್ತು. ಅವಳು ಅಂಗಳ ದಾಟಿ ಓಡಿ ಬರುತ್ತಿದ್ದಳು. ಒಮ್ಮೆ ಬಾರಿಸಿದರೆ ನೀರು, ಬಿಟ್ಟುಬಿಟ್ಟು ಎರಡು ಸಲವಾದರೆ ಮಲದ ಬಟ್ಟಲು. ಹಾಗೆಂದು ಯಾರೂ ಗೊತ್ತುಮಾಡಿದ್ದಲ್ಲ, ಅವರಿಬ್ಬರ ನಡುವೆ ತಾನಾಗಿ ಆದದ್ದು.

ಆ ಸಂಜೆ ಅವಳು ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಅಜ್ಜಿ ಬೇಕೆಂದೇ ಗುಂಡಿ ಒತ್ತಿದರು. ಎದುರಿಗೇ ಇದ್ದವಳನ್ನು ಗಂಟೆ ಬಾರಿಸಿ ಕರೆಯುವುದು ಅವರ ತಮಾಷೆ. ಎಲಿದಾಳ ಜೇಬಿನಲ್ಲಿ ಏನೂ ಆಗಲಿಲ್ಲ. ಅಜ್ಜಿ ಹುಬ್ಬೇರಿಸಿ ಮತ್ತೆ ಒತ್ತಿದರು. ಗುಂಡಿಯ ದೀಪ ಮಾತ್ರ ಮಿನುಗಿತು.

ಅವಳು ಎಣ್ಣೆಗೈಯಲ್ಲೇ ಪಡಸಾಲೆಗೆ ಬಂದಳು. ಅಲ್ಲಿ ರೊಸಾನಾ ಮದುವೆಯ ಬಿಳಿ ಉಡುಪು ಹಾಕಿಕೊಂಡು ಕುರ್ಚಿಯ ಮೇಲೆ ನಿಂತಿದ್ದಳು. ಪೆರ್ಲಾ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದಳು.

"ಮದ್ರೀನಾ, ಅಜ್ಜಿ ಗಂಟೆ ನನ್ನ ಮೊಬೈಲಿಗೆ ಬರ್ತಾ ಇಲ್ಲ."

"ಶುರುವಾಯ್ತು ನೋಡು" ಎಂದಳು ರೊಸಾನಾ ಮೇಲಿಂದ.

ಫಬ್ರೀಸಿಯೊ ಸೋಫಾದಿಂದ ತಲೆಯೆತ್ತಿದ. "ಅವಳು ಹೇಳೋದು ಸರಿ. ಗಂಟೆ ಮನೆಯವರ ಕಡೆ ಇದೆ, ಇವಳು ಬಂದವರ ಕಡೆ. ಗೋಡೆ ದಾಟಿ ಬರಲ್ಲ. ಒಳಗೆ ಹಾಕ್ಲಾ? ಒಂದ್ನಿಮಿಷದ ಕೆಲಸ."

"ಬೇಡ." ಪೆರ್ಲಾ ಹಲ್ಲಿನಲ್ಲಿ ಕಚ್ಚಿದ್ದ ಸೂಜಿ ತೆಗೆದಳು. "ಇವತ್ತು ಗಂಟೆ ಅಂತಾಳೆ, ನಾಳೆ ಪ್ರಿಂಟರ್ರು ಅಂತಾಳೆ, ನಾಡಿದ್ದು ಗೇಟು. ಬೆರಳು ಕೊಟ್ರೆ ಕೈ ನುಂಗೋ ಕಾಲ. ಗಂಟೆ ನಮ್ಮ ಮೊಬೈಲಿಗೂ ಬರತ್ತಲ್ಲ, ನಾವೇನು ಕಿವುಡರಾ?"

"ಅಲ್ಲ ಮದ್ರೀನಾ, ನಿಮ್ಮದರಲ್ಲಿ ಸದ್ದು..."

"ಅಜ್ಜೀನ ಏಣಿ ಮಾಡ್ಕೊಂಡು ಮೇಲೆ ಹತ್ತೋಕೆ ನೋಡ್ತಿದಾಳೆ ಮಮ್ಮಿ" ಎಂದಳು ರೊಸಾನಾ, ಕನ್ನಡಿಯಲ್ಲಿ ತನ್ನ ಸೊಂಟ ನೋಡಿಕೊಳ್ಳುತ್ತ. "ಪಾಪ, ಅದಕ್ಕೂ ಬಿಡ್ತಿಲ್ಲ ಮುದುಕೀನ. ಏಯ್, ದೂರ ನಿಲ್ಲು! ಎಣ್ಣೆ ಕೈ! ಬಟ್ಟೆಗೆ ತಾಗಿದ್ರೆ ನಿನ್ನ ಚರ್ಮ ಸುಲಿದು ಹೊಸದು ಹೊಲಿಸ್ತೀನಿ."

ಎಲಿದಾ ಹಿಂದಕ್ಕೆ ಸರಿದಳು. ‘ಸದ್ದು ನೀವೇ ಅಡಗಿಸಿದ್ದೀರಿ’ ಎಂದಷ್ಟೇ ಹೇಳಬೇಕಿತ್ತು. ಆ ರಾತ್ರಿಯ ಊಟ ಬಡಿಸುವಾಗ ಹೇಳಬಹುದಿತ್ತು. ಮರುದಿನ ಬೆಳಗ್ಗೆ ಕಾಫಿಯ ಜೊತೆ ಹೇಳಬಹುದಿತ್ತು. ಅವಳಿಗೆ ಅದು ನೆನಪಿರಲಿಲ್ಲವೆಂದಲ್ಲ. ಪ್ರತಿ ಸಲ ನೆನಪಾದಾಗಲೂ ಅವಳು ಅದನ್ನು ನುಂಗಿದಳು, ಮತ್ತು ಪ್ರತಿ ಸಲವೂ ಅದು ಮೊದಲಿಗಿಂತ ಸುಲಭವಾಗಿ ಇಳಿಯಿತು. ಕಿವುಡರಲ್ಲವಂತೆ ತಾನೆ. ಕೇಳಿಸಿಕೊಳ್ಳಲಿ.

ಭಾನುವಾರ ಫಬ್ರೀಸಿಯೊನ ಅಪ್ಪ ಅಮ್ಮ ಊಟಕ್ಕೆ ಬಂದರು. ಕೆಂಡದ ಮೇಲೆ ಸುಟ್ಟ ಮಾಂಸ, ಸೋಪಾ ಎಂಬ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಮರಗೆಣಸು. ಅಜ್ಜಿಗೆ ಬೇಗ ಉಣ್ಣಿಸಿ ಬಾಗಿಲು ಎಳೆದುಬಿಡು, ಬೀಗರ ಮುಂದೆ ಜೊಲ್ಲು ಸುರಿಸುವುದು ಬೇಡ ಎಂದು ಪೆರ್ಲಾ ಹೇಳಿದ್ದಳು. ಬೀಗಿತ್ತಿ ಮಿರ್ತಾ ದಪ್ಪ ಉಂಗುರಗಳ ಹೆಂಗಸು. ಊಟವಾದದ್ದೇ ಮೊಮ್ಮಕ್ಕಳ ಚಿತ್ರ ತೋರಿಸಲೆಂದು ಮೊಬೈಲು ತೆಗೆದಳು.

"ಇಲ್ಲಿ ಎರಡೆರಡು ತೋರಿಸ್ತಿದೆಯಲ್ಲ ಪೆರ್ಲಾ, ಯಾವುದಕ್ಕೆ ಹಾಕ್ಲಿ?"

"ಎಲಿದಾ, ನಿಂದೇ ಕೊಡು ಅವರಿಗೆ. ಬಂದವರದ್ದು."

ಮಿರ್ತಾ ಎಲಿದಾಳನ್ನು ಮೇಲಿಂದ ಕೆಳಗೆ ನೋಡಿದಳು. "ಇವಳೂ ಬಂದವಳೇನಾ? ನಾನು ಮನೆಯವಳು ಅಂದ್ಕೊಂಡಿದ್ದೆ."

"ಅಯ್ಯೋ, ಇವಳು ನಮ್ಮ ಮಗಳಿದ್ದ ಹಾಗೆ!" ಪೆರ್ಲಾ ಎಲಿದಾಳ ಬೆನ್ನು ಸವರಿದಳು. "ಎಂಟು ವರ್ಷದವಳಿಂದ ನಾವೇ ಸಾಕಿದ್ದು. ಪಾಸ್‌ವರ್ಡ್ ಹೇಳೇ."

"ಸುಸ್ವಾಗತ" ಎಂದಳು ಎಲಿದಾ.

ಪಾತ್ರೆ ಮುಗಿಯುವ ಹೊತ್ತಿಗೆ ಊರಿಗೆ ಊರೇ ಮಧ್ಯಾಹ್ನದ ನಿದ್ದೆಗೆ ಬಿದ್ದಿತ್ತು. ಆ ಹೊತ್ತಿನಲ್ಲಿ ಅಸುನ್ಸಿಯೋನ್‌ನಲ್ಲಿ ಬಾಗಿಲು ತಟ್ಟುವವರು ಕಳ್ಳರು, ಇಲ್ಲವೇ ಹುಚ್ಚರು. ಬೀಗರಿಗೆ ಪಡಸಾಲೆಯಲ್ಲಿ ತೂಗುಹಾಸಿಗೆ ಕಟ್ಟಿತ್ತು. ಅಜ್ಜಿಯ ಕೋಣೆಯ ಕಡೆ ಹೊರಟ ಎಲಿದಾಳನ್ನು ಪೆರ್ಲಾ ತೋಳು ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ?"

"ಅಜ್ಜಿಗೆ ಬಟ್ಟಲು ಇಡೋ ಹೊತ್ತು..."

"ಬೀಗರು ಕಣ್ಣು ಮುಚ್ಚಿದಾರೆ, ನೀನು ಬಟ್ಟಲು ಹಿಡ್ಕೊಂಡು ಅವರ ಮೂಗಿನ ಮುಂದೆ ಮೆರವಣಿಗೆ ಹೋಗ್ತೀಯಾ? ನಿನ್ನ ಕೋಣೆಗೆ ಹೋಗು. ಚಪ್ಪಲಿ ಪಟಪಟ ಅನ್ನಿಸ್ಕೊಂಡು ಓಡಾಡ್ಬೇಡ. ನಾಲ್ಕಕ್ಕೆ ಕುಡಿಯೋಕೆ ಕೋಸಿದೋ ತಂದ್ರೆ ಸಾಕು. ಅಮ್ಮ ಗಂಟೆ ಒತ್ತಿದ್ರೆ ನಾನಿದೀನಿ."

"ಹೂಂ ಮದ್ರೀನಾ."

ಪೆರ್ಲಾಳ ಮೊಬೈಲು ಸೋಫಾದ ಮೇಲೆ ಬೋರಲು ಬಿದ್ದಿತ್ತು. ಎಲಿದಾ ಅದನ್ನು ನೋಡಿದಳು. ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳ ದಾಟಿದಳು.

ತಗಡಿನ ಕೆಳಗೆ ಗಾಳಿಯೇ ಬೆಂದುಹೋಗಿತ್ತು. ಅವಳು ಅಂಗಾತ ಮಲಗಿ ಮೊಬೈಲನ್ನು ಎದೆಯ ಮೇಲಿಟ್ಟುಕೊಂಡಳು. ಅಜ್ಜಿಗೆ ಊಟವಾದ ಮೇಲೆ ಬಟ್ಟಲು ಬೇಕೇ ಬೇಕು. ಈಗ ಒತ್ತುತ್ತಿರುತ್ತಾರೆ. ಬಿಟ್ಟುಬಿಟ್ಟು ಎರಡು ಸಲ. ಮೊಬೈಲು ಕಲ್ಲಿನ ಹಾಗೆ ಸುಮ್ಮನಿತ್ತು. ಅವಳು ಎದ್ದು ಬಾಗಿಲವರೆಗೆ ಹೋದಳು. ಅಂಗಳದ ಬಿಸಿಲು ಕಣ್ಣಿಗೆ ಹೊಡೆಯಿತು. ಅಡಿಗೆಮನೆಯ ಬಾಗಿಲಿಂದ ನುಸುಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಹೋದರೆ ಸದ್ದೂ ಆಗುವುದಿಲ್ಲ. ಹಾಗೆ ಎಷ್ಟು ಸಲ ಹೋಗಿಲ್ಲ.

ಅವಳು ವಾಪಸು ಬಂದು ಮಲಗಿದಳು.

ಅವಳಿಗೆ ಬೇಕಾದದ್ದು ಬಹಳ ಸಣ್ಣದು. ಅಜ್ಜಿ ಹಾಸಿಗೆ ಒದ್ದೆ ಮಾಡಿಕೊಳ್ಳಲಿ, ಒಂದೇ ಒಂದು ಸಲ. ವಾಸನೆ ಬಾಗಿಲ ಸಂದಿಯಿಂದ ಪಡಸಾಲೆಗೆ ಬರಲಿ. ಮಿರ್ತಾ ಉಂಗುರದ ಕೈಯಿಂದ ಮೂಗು ಮುಚ್ಚಿಕೊಳ್ಳಲಿ. ಆಗ ಮದ್ರೀನಾ ಅಂಗಳಕ್ಕೆ ಓಡಿಬಂದು, "ಎಲಿದಾ!" ಎಂದು ಕೂಗುತ್ತಾಳೆ. ಆಗ ಅವಳು ನಿಧಾನವಾಗಿ ಎದ್ದು, ಕೂದಲು ಸರಿಮಾಡಿಕೊಂಡು ಹೇಳುತ್ತಾಳೆ: ಗಂಟೆ ನನಗೆ ಬರಲ್ಲ ಮದ್ರೀನಾ, ನಾನು ಬಂದವರ ಕಡೆ. ಈ ಮಾತನ್ನು ಅವಳು ತುಟಿಯಲ್ಲೇ ಮತ್ತೆ ಮತ್ತೆ ಆಡಿ ನೋಡಿದಳು. ವಿನಯ ಜಾಸ್ತಿಯಿರಬೇಕೇ, ಕಡಿಮೆಯೇ? ‘ನಾನು’ ಎನ್ನುವಲ್ಲಿ ಕಣ್ಣೆತ್ತಬೇಕೇ? ಆಡುತ್ತ ಆಡುತ್ತ ಅದು ಬಾಯಲ್ಲಿ ಮಾವಿನ ವಾಟೆಯಂತೆ ಸಿಹಿಯಾಯಿತು. ಮುದುಕಿ ನೆನಪಿಗೇ ಬರಲಿಲ್ಲ. ನೆನಪಿಗೆ ಬಂದಾಗ, ಮಗಳ ಹಾಗೆ ಇರ್ತಾಳೆ ಅಂದವರು ನೀವೇ ತಾನೆ, ಸ್ವಲ್ಪ ನೆನೆಯಿರಿ ಅಂದುಕೊಂಡಳು.

ಧಪ್ ಎಂದಿತು.

ಮಾವಿನಹಣ್ಣು, ಎಂದುಕೊಂಡಳು ಎಲಿದಾ. ಹಣ್ಣಿನ ಕಾಲ, ದಿನವಿಡೀ ತಗಡಿನ ಮೇಲೆ ಬೀಳುತ್ತಿದ್ದವು. ಆದರೆ ತಗಡಿನ ಮೇಲೆ ಬಿದ್ದ ಹಣ್ಣು ಉರುಳುತ್ತದೆ. ಬಿದ್ದ ಸದ್ದು, ಆಮೇಲೆ ಉರುಳಿದ ಸದ್ದು, ಆಮೇಲೆ ನೆಲಕ್ಕೆ ಬಿದ್ದ ಸದ್ದು. ಇಷ್ಟು ವರ್ಷ ಆ ತಗಡಿನ ಕೆಳಗೆ ಮಲಗಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಸದ್ದು ಉರುಳಲಿಲ್ಲ. ಇದು ಮೇಲಿಂದ ಬರಲೂ ಇಲ್ಲ. ಒಳಗೆ ಕೈಸರ್ ಒಮ್ಮೆ ಬೊಗಳಿ ಸುಮ್ಮನಾಯಿತು.

ಮಾವಿನಹಣ್ಣೇ, ಎಂದುಕೊಂಡು ಅವಳು ಮಗ್ಗುಲು ಬದಲಿಸಿದಳು.

ನಾಲ್ಕಕ್ಕೆ ಎದ್ದು ಸಕ್ಕರೆ ಸುಟ್ಟು, ಸೊಪ್ಪು ಕುದಿಸಿ ಕೋಸಿದೋ ಕಾಸಿದಳು. ಹಾಲು ಬೆರೆಸಿದಳು. ಬೀಗರಿಗೆ ಕೊಟ್ಟಳು, ಪೆರ್ಲಾಳಿಗೆ, ರೊಸಾನಾಳಿಗೆ, ಫಬ್ರೀಸಿಯೊಗೆ. ಚೀಪಾ ಎಂಬ ಚೀಸ್ ಬ್ರೆಡ್ಡಿನ ಬುಟ್ಟಿ ಸುತ್ತು ಬಂತು. ಯಾವ ವಾಸನೆಯೂ ಇರಲಿಲ್ಲ. ಅವಳಿಗೆ ಅದು ಸ್ವಲ್ಪ ನಿರಾಸೆಯೇ ಆಯಿತು. ಎಲ್ಲರದೂ ಆದ ಮೇಲೆ ಅಜ್ಜಿಯ ಕೋಸಿದೋ ಲೋಟ ಹಿಡಿದು ಕೋಣೆಯ ಬಾಗಿಲು ತಳ್ಳಿದಳು.

ಅಜ್ಜಿ ನೆಲದ ಮೇಲಿದ್ದರು. ಕೆನ್ನೆ ಹಾಸುಗಲ್ಲಿಗೆ ಅಂಟಿತ್ತು. ಒಂದು ಕಾಲು ಯಾವ ಕಾಲೂ ತಿರುಗಬಾರದ ಕಡೆಗೆ ತಿರುಗಿತ್ತು. ಎಡಗೈಯಲ್ಲಿ, ಸರಳಿನಿಂದ ಕಿತ್ತುಬಂದ ಕೆಂಪು ಗುಂಡಿ. ಹೆಬ್ಬೆರಳು ಇನ್ನೂ ಅದನ್ನು ಒತ್ತುತ್ತಿತ್ತು, ದೀಪ ಮಿನುಗುತ್ತಿತ್ತು. ಕಣ್ಣು ತೆರೆದಿತ್ತು. ಆ ಕಣ್ಣು ಎಲಿದಾಳ ಕಾಲಿಂದ ಮೇಲಕ್ಕೆ ಮೆಲ್ಲಗೆ ಹತ್ತಿ ಅವಳ ಮುಖಕ್ಕೆ ಬಂದು ನಿಂತಿತು. ಎಲಿದಾ ಕೂಡಲೇ ಕೂಗಲಿಲ್ಲ. ಕೈಯಲ್ಲಿದ್ದ ಲೋಟವನ್ನು ಮೊದಲು ಮೇಜಿನ ಮೇಲೆ ಇಟ್ಟಳು, ಚೆಲ್ಲದ ಹಾಗೆ. ಆಮೇಲೆ ಕೂಗಿದಳು.

ಎಲ್ಲರೂ ಬಂದರು. ಮಿರ್ತಾ ಎದೆಗೆ ಶಿಲುಬೆ ಬರೆದುಕೊಂಡಳು. "ಕರೆಯೋಕೆ ಏನೂ ಇರ್ಲಿಲ್ವಾ? ಗಂಟೆ ಗಿಂಟೆ?"

ಪೆರ್ಲಾಳ ಕೈಯಲ್ಲಿ ಮೊಬೈಲು ಇತ್ತು. ಆಂಬುಲೆನ್ಸಿಗೆ ಕರೆ ಮಾಡಲು ಅದನ್ನು ಈಗಷ್ಟೇ ಸೋಫಾದಿಂದ ಎತ್ತಿಕೊಂಡಿದ್ದಳು. ಪರದೆಯ ತುಂಬ ಮೇಲಿಂದ ಕೆಳಗೆ ಒಂದೇ ಸಾಲು, ಗಂಟೆಯ ಗುರುತು, ಗಂಟೆಯ ಗುರುತು, ಗಂಟೆಯ ಗುರುತು. ಮಿರ್ತಾ ಬಾಗಿ ನೋಡುವ ಮೊದಲೇ ಪೆರ್ಲಾಳ ಹೆಬ್ಬೆರಳು ಅದನ್ನೆಲ್ಲ ಒರೆಸಿಹಾಕಿತು.

"ಇವಳೇ ನೋಡ್ಕೊಳ್ಳೋದು" ಎಂದಳು ಪೆರ್ಲಾ. "ನಿದ್ದೆ ಹೊಡೆದಿದಾಳೆ. ಹಂದಿ ಹಾಗೆ ಬಿದ್ಕೊಂಡಿದಾಳೆ."

ಇದೇ ಹೊತ್ತು. ಮಾತು ಬಾಯಲ್ಲಿ ಸಿದ್ಧವಾಗಿತ್ತು. ಎಲಿದಾ ಕಣ್ಣೆತ್ತಿದಳು. "ಗಂಟೆ ನನಗೆ ಬರಲ್ಲ ಮದ್ರೀನಾ. ನಾನು ಬಂದವರ ಕಡೆ."

ಫಬ್ರೀಸಿಯೊ ಸೂರಿನ ಕಡೆ ನೋಡಿದ. ಮಿರ್ತಾ ಮಗನ ಕಡೆ ನೋಡಿದಳು. ಎಲಿದಾ ಮಧ್ಯಾಹ್ನವಿಡೀ ಕಾದಿದ್ದ ಕ್ಷಣ ಅದೇ, ಅದರಲ್ಲಿ ಒಂದು ಹನಿ ಸಿಹಿಯೂ ಇರಲಿಲ್ಲ. ಏಕೆಂದರೆ ನೆಲದಿಂದ ಅಜ್ಜಿ ಮಗಳನ್ನು ನೋಡುತ್ತಿರಲಿಲ್ಲ, ಮೊಮ್ಮಗಳನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದರು.

ಪೆರ್ಲಾ ಸಾವರಿಸಿಕೊಂಡಳು. "ಗಂಟೆ ಬರಲ್ಲ ಸರಿ. ಮುದುಕಿ ಬಿದ್ದ ಸದ್ದು? ನಿನ್ನ ಕಿವೀನೂ ವೈಫೈಗೆ ಹಾಕಿದ್ವೇನೇ?"

ಎಲಿದಾಳ ಬಳಿ ಅದಕ್ಕೆ ಇದ್ದ ಒಂದೇ ಉತ್ತರ ಮಾವಿನಹಣ್ಣು.

ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ ಕತ್ತರಿ ಹಾಕಲು ಆಗುವುದಿಲ್ಲ, ಮನೆಗೆ ಒಯ್ದು ಚೆನ್ನಾಗಿ ನೋಡಿಕೊಳ್ಳಿ ಎಂದರು ವೈದ್ಯರು. ಚೆನ್ನಾಗಿ ಅಂದರೆ ಎಷ್ಟು ದಿನಕ್ಕೆಂದು ಪೆರ್ಲಾ ಕೇಳಿದಳು. ಮನೆಗೆ ಬಂದ ಸಂಜೆ ಅವಳು ಅಡಿಗೆಮನೆಯ ಮೇಜಿಗೆ ಎರಡೂ ಕೈ ಊರಿ ನಿಂತಳು.

"ಮದುವೆ ಮುಗಿಯೋ ತನಕ ಉಸಿರು ಇರ್ಬೇಕು, ಆಮೇಲೆ ದೇವರಿಚ್ಛೆ. ಈಗೇನಾದ್ರೂ ಆದ್ರೆ ಒಂಬತ್ತು ದಿನ ಜಪಮಾಲೆ, ಕಪ್ಪು ಬಟ್ಟೆ. ಹಾಲ್‌ಗೆ ಕೊಟ್ಟಿದ್ದು, ಕೇಕು, ಬ್ಯಾಂಡು, ಎಲ್ಲ ನೀರಲ್ಲಿ ಹೋಮ. ಫಬ್ರೀಸಿಯೊ, ಇವಳನ್ನ ಒಳಗೆ ಹಾಕು."

ಫಬ್ರೀಸಿಯೊ ಕೈ ಚಾಚಿದ. ಎಲಿದಾ ಮೊಬೈಲು ಕೊಟ್ಟಳು. ಪಾಸ್‌ವರ್ಡು ಒತ್ತುವಾಗ ಅವನು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. "ನಿಂಗೆ ಹೇಳ್ಬೇಕಾಗಿಲ್ಲ, ಅದು ತಾನಾಗಿ ನೆನಪಿಟ್ಕೊಳ್ಳತ್ತೆ" ಎಂದು ವಾಪಸು ಕೊಟ್ಟ. ಅವಳ ಚಾಪೆಯೂ ಅಂಗಳ ದಾಟಿ ಬಂತು. ಅಜ್ಜಿಯ ಮಂಚದ ಪಕ್ಕ, ಬಾಗಿಲಿಗೂ ಗೋಡೆಗೂ ನಡುವೆ ಅದಕ್ಕೆ ಸರಿಯಾಗಿ ಜಾಗ ಇತ್ತು.

ಚಾಪೆಯ ಮೇಲೆ ಕೂತು ಅವಳು ಮೊಬೈಲು ತೆರೆದಳು. ಎಲ್ಲವೂ ಕಾಣುತ್ತಿತ್ತು. ಟಿವಿ, ಪ್ರಿಂಟರ್ರು, ಗೇಟು, ಪಡಸಾಲೆಯ ಕ್ಯಾಮೆರಾ, ನಾಯಿಯ ಡಬ್ಬ. ಇಡೀ ಮನೆ ಅಂಗೈಯಲ್ಲಿ ಮಲಗಿತ್ತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎದೆಯೊಳಗೆ ಏನೋ ಬೆಚ್ಚಗೆ ಹರಡಿತು, ಅವಳು ತಡೆಯಲೂ ಇಲ್ಲ. ಅಂತೂ ಒಳಗೆ ಬಂದಿದ್ದಳು.

"ಅಜ್ಜೀ, ಒತ್ತಿ ನೋಡಿ. ಈಗ ಬರತ್ತೆ" ಎಂದು ಕೆಂಪು ಗುಂಡಿಯನ್ನು ಅಜ್ಜಿಯ ಅಂಗೈಯಲ್ಲಿಟ್ಟಳು.

ಅಜ್ಜಿ ಕೈ ಓರೆ ಮಾಡಿದರು. ಗುಂಡಿ ಜಾರಿ ಹಾಸಿಗೆಗೆ ಬಿತ್ತು.

ಶಕ್ತಿ ಇಲ್ಲವೇನೋ ಎಂದುಕೊಂಡಳು ಮೊದಲು. ಆದರೆ ಅದೇ ಕೈ ಲೋಟ ಹಿಡಿಯುತ್ತಿತ್ತು, ಹೊದಿಕೆ ಎಳೆದುಕೊಳ್ಳುತ್ತಿತ್ತು. ಗುಂಡಿ ಇಟ್ಟರೆ ಮಾತ್ರ ಬೆರಳು ಬಿಚ್ಚಿಕೊಳ್ಳುತ್ತಿತ್ತು. ಬಾಯಾರಿದರೆ ಬಾಯಾರಿಕೊಂಡೇ ಇದ್ದರು. ಒದ್ದೆಯಾದರೆ ಒದ್ದೆಯಲ್ಲೇ. ಎಲಿದಾ ಬಟ್ಟೆ ಬದಲಿಸುವಾಗ ಗೋಡೆಯ ಕಡೆ ನೋಡುತ್ತಿದ್ದರು. ಬೆನ್ನಿನಲ್ಲಿ ಹುಣ್ಣು ಶುರುವಾಯಿತು. "ಅಜ್ಜೀ, ತಪ್ಪಾಯ್ತು" ಎಂದು ಒಂದು ಸಂಜೆ ಅವಳು ಅಜ್ಜಿಯ ಕಿವಿಯ ಬಳಿ ಬಾಗಿ ಹೇಳಿದಳು. ಹೇಳಿ, ಕಾದಳು. ಅಜ್ಜಿ ಕಣ್ಣು ಮುಚ್ಚಿಕೊಂಡರು, ಬಾಗಿಲು ಮುಚ್ಚಿಕೊಂಡ ಹಾಗೆ.

ಒಂದು ಮಧ್ಯಾಹ್ನ ಪೆರ್ಲಾ ಬಂದು ಇಣುಕಿದಳು. ಒಳಗಿನ ವಾಸನೆಗೆ ಹೊಸ್ತಿಲಲ್ಲೇ ನಿಂತಳು.

"ಗಂಟೆನೇ ಕೇಳಿಸ್ತಾ ಇಲ್ವಲ್ಲ. ನಾನೀಗ ಸದ್ದು ಇಟ್ಕೊಂಡಿದೀನಿ, ಒಂದ್ ಸಲಾನೂ ಬಂದಿಲ್ಲ."

"ಅವರು ಒತ್ತಲ್ಲ ಮದ್ರೀನಾ."

"ಒತ್ತಲ್ವಾ, ನಿನ್ನ ಮೇಲೆ ನಂಬಿಕೆ ಇಲ್ವಾ?" ಪೆರ್ಲಾ ಬೀಸಣಿಗೆಯನ್ನು ಮೂಗಿಗೆ ಹಿಡಿದಳು. "ನೋಡೇ, ಮಿರ್ತಾ ಒಬ್ಬ ನರ್ಸಿನ ಹೆಸರು ಹೇಳಿದಾಳೆ. ಗಂಟೆಗೆ ನೀನು ಅಂತ ನಿನ್ನನ್ನ ಒಳಗೆ ಹಾಕಿದ್ದು. ಗಂಟೆನೇ ಇಲ್ಲ ಅಂದ್ಮೇಲೆ ನೀನ್ಯಾಕೆ ಒಳಗೆ? ನಾಳೆ ಅವಳು ಬಂದ್ರೆ ಈ ಚಾಪೆ ಅವಳದ್ದು. ನಿನ್ನ ಕೋಣೆನೂ ನಾನು ಮದುವೆ ಸಾಮಾನಿಗೆ ಕೊಟ್ಟಾಯ್ತು. ಊರಲ್ಲಿ ನಿಮ್ಮಮ್ಮ ಇದಾಳಲ್ಲ, ಚೆನ್ನಾಗಿದಾಳೆ ತಾನೆ?"

ಉತ್ತರಕ್ಕೆ ಕಾಯದೆ ಹೋದಳು. ಪಡಸಾಲೆಯಲ್ಲಿ ಕುರ್ಚಿ ಎಳೆದ ಸದ್ದು, ರೊಸಾನಾಳ ನಗು, ಆಮೇಲೆ ಅಲಂಕಾರದ ಹೂವಿನ ಬಣ್ಣದ ಮಾತು.

ಎಲಿದಾ ಚಾಪೆಯಿಂದ ಎದ್ದು ಮಂಚದ ಅಂಚಿಗೆ ಬಂದಳು. ಹಾಸಿಗೆಯ ಸುಕ್ಕಿನಲ್ಲಿ ಬಿದ್ದಿದ್ದ ಗುಂಡಿಯನ್ನು ಎತ್ತಿಕೊಂಡು ಅಜ್ಜಿಯ ಎಡಗೈಯಲ್ಲಿಟ್ಟಳು. ಬೆರಳುಗಳು ಬಿಚ್ಚಿಕೊಂಡವು. ಅವಳು ಅವನ್ನು ಒಂದೊಂದಾಗಿ ಮಡಿಸಿದಳು. ಅಜ್ಜಿ ಕೈ ಎಳೆದುಕೊಳ್ಳಲು ನೋಡಿದರು. ಆ ತೋಳಿನಲ್ಲಿ ಇನ್ನೂ ಇಷ್ಟು ಬಲವಿದೆಯೆಂದು ಎಲಿದಾ ಎಣಿಸಿರಲಿಲ್ಲ. ಮಣಿಕಟ್ಟನ್ನು ಮೊಣಕಾಲಿನಿಂದ ಹಾಸಿಗೆಗೆ ಅದುಮಿದಳು. ಅಜ್ಜಿಯ ಗಂಟಲಿಂದ ಗಾಳಿಯಂಥದ್ದೊಂದು ಹೊರಬಿತ್ತು, ಮಾತಾಗಲಿಲ್ಲ. ಎಲಿದಾ ಅವರ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳನ್ನಿಟ್ಟು, ಗೆಣ್ಣು ಬಿಳಿಚಿಕೊಳ್ಳುವವರೆಗೆ ಒತ್ತಿದಳು.

ಅವಳ ಜೇಬಿನಲ್ಲಿ ಗಂಟೆ ಬಾರಿಸಿತು. ಪಡಸಾಲೆಯಲ್ಲಿ ಪೆರ್ಲಾಳದೂ ಬಾರಿಸಿತು.

"ಎಲಿದಾ! ಕೇಳಿಸ್ತಾ?" ಪೆರ್ಲಾ ಕೂತಲ್ಲಿಂದಲೇ ಕೂಗಿದಳು.

ಅಜ್ಜಿಯ ಕಣ್ಣು ಅವಳ ಮುಖದ ಮೇಲಿತ್ತು. ಎಲಿದಾ ಆ ಕಣ್ಣನ್ನು ನೋಡುತ್ತಲೇ, ಕೈ ಸಡಿಲಿಸದೆ, ಇನ್ನೊಮ್ಮೆ ಒತ್ತಿದಳು. ಬಿಟ್ಟುಬಿಟ್ಟು, ಎರಡು ಸಲ. ಆಮೇಲೆ ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ, ಬಹಳ ಅಕ್ಕರೆಯಿಂದ ಹೇಳಿದಳು:

"ಬಂದೆ ಅಜ್ಜೀ, ಬಂದೆ!"